‘ಎಂತ ಹಾಲು ಕೊಡುದು?’ ಎಂಬುದು ಮೂರನೇ ಪ್ರಶ್ನೆ

ಮೇ ತಿಂಗಳು ಬಂದರೆ ಮಂಗಳೂರು, ಉಡುಪಿ ಕಡೆ ಈ ಪ್ರಶ್ನೆ ತಪ್ಪುವುದಿಲ್ಲ. ಮಳೆ ಹಿಡಿಯುವ ಮುಂಚೆ ತೆಂಗಿನ ಮರದ ಒಣ ಮಡಲು ಇಳಿಸುವುದು, ಮಾಡಿನ ಹೆಂಚು ತೆಗೆದು ಸರಿಮಾಡುವುದು, ಅಟ್ಟದ ಹಳೆ ಸಾಮಾನು ಕೊಡವುವುದು ಎಲ್ಲ ಒಟ್ಟಿಗೆ ನಡೆಯುವ ಕಾಲ ಅದು. ಅಳಿಲು ಗೂಡು ಕಟ್ಟುವುದೂ ಇವೇ ಜಾಗಗಳಲ್ಲಿ. ತೆಂಗಿನ ನಾರು, ಬಾಳೆಯ ಒಣ ಪಟ್ಟೆ, ಹಳೆ ಹಾಸಿಗೆಯ ಹತ್ತಿ, ಹರಿದ ಸೀರೆಯ ಎಳೆ ಸೇರಿಸಿ ಸುತ್ತಿದ ಉಂಡೆಯೊಂದು ಕೆಳಗೆ ಬೀಳುತ್ತದೆ. ಒಳಗೆ ಎರಡೋ ಮೂರೋ ಮರಿ. ಸಿಕ್ಕವರು ಕೂಡಲೇ ಫೋನು ಹಿಡಿದು ಗೊತ್ತಿದ್ದವರನ್ನು ಕೇಳುವುದು ಒಂದೇ ಮಾತು, "ಅಳಿಲಿನ ಮರಿ ಸಿಕ್ಕಿದೆ, ಎಂತ ಹಾಲು ಕೊಡುದು?"

ಪ್ರೀತಿಯಿಂದ ಬಂದ ಪ್ರಶ್ನೆಯೇ. ಆದರೆ ಉತ್ತರ ಸಿಗುವುದರೊಳಗೆ ಅರ್ಧ ಮನೆಗಳಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ, ಹತ್ತಿಯ ಬತ್ತಿ ಅದ್ದಿ, ಮರಿಯ ಬಾಯಿಗೆ ಹಿಡಿದಾಗಿರುತ್ತದೆ. ಮರಿ ಒಂದೆರಡು ಸಲ ಚೀಪುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಮರುದಿನ ಬೆಳಿಗ್ಗೆ ಮರಿ ಸತ್ತಿರುತ್ತದೆ. "ಬದುಕುವ ಆಯುಷ್ಯ ಇರಲಿಲ್ಲ" ಎನ್ನುತ್ತಾರೆ. ಎಷ್ಟೋ ಸಲ ಆಯುಷ್ಯ ಇತ್ತು, ಕ್ರಮ ತಪ್ಪಿತ್ತು. ತಾಯಿ ಇದ್ದಾಳೆಯೇ, ಮರಿಯ ಮೈ ಬೆಚ್ಚಗಿದೆಯೇ ಎಂಬ ಎರಡು ಪ್ರಶ್ನೆ ಮುಗಿದ ಮೇಲೆ ಬರಬೇಕಾದದ್ದು ಹಾಲಿನ ಪ್ರಶ್ನೆ. ಈ ಮೂರರ ಸರದಿ ಬದಲಾದರೆ ಒಳ್ಳೆಯ ಹಾಲು ಕೊಟ್ಟರೂ ಮರಿ ಉಳಿಯುವುದು ಕಷ್ಟ.

ಮೊದಲು ತಾಯಿ

ಉಡುಪಿ ಹತ್ತಿರದ ಒಂದು ಹಿತ್ತಿಲು. ಬೆಳಿಗ್ಗೆ ಎಂಟರ ಹೊತ್ತು. ಕಾಯಿ ತೆಗೆಯುವವರು ಮರದ ತಲೆಯಲ್ಲಿ ಕುಳಿತು ಒಣ ಮಡಲಿಗೆ ಕತ್ತಿ ಹಾಕಿದರು, ಮಡಲಿನ ಜತೆ ಗೂಡೂ ಬಿತ್ತು. ಮೇಲಿನಿಂದಲೇ ಕೂಗಿ ಹೇಳಿದರು, "ಅಕ್ಕಾ, ಅಳಿಲಿನ ಗೂಡು ಅದು. ಮರಿ ಉಂಟಾ ನೋಡಿ." ಇತ್ತು, ಮೂರು. ಮೈಮೇಲೆ ತೆಳ್ಳಗೆ ಕೂದಲು ಬಂದಿದೆ, ಬೆನ್ನಿನ ಪಟ್ಟೆ ಕಾಣುತ್ತದೆ, ಕಣ್ಣು ಇನ್ನೂ ಮುಚ್ಚಿದೆ. ಮನೆಯ ಅಜ್ಜಿ ಜಗಲಿಯಿಂದ, "ಮುಟ್ಟಬೇಡ ಮಗಾ, ಮನುಷ್ಯರ ಕೈ ತಾಗಿದರೆ ತಾಯಿ ಸೇರಿಸುದಿಲ್ಲ" ಎಂದರು. ಕಾಯಿ ತೆಗೆಯುವವರು ಕೆಳಗಿಳಿದು ಬಂದವರು, "ಹಾಗೆಂತ ಇಲ್ಲ ಅಜ್ಜಿ. ತಾಯಿ ಅಲ್ಲೇ ಉಂಟು ನೋಡಿ, ಕೂಗುದು ಕೇಳುದಿಲ್ವಾ?" ಎಂದು ಪಕ್ಕದ ಮಾವಿನ ಮರ ತೋರಿಸಿದರು. ಬಾಲ ಕುಣಿಸುತ್ತ, ಒಂದೇ ಸಮನೆ ಚಿಲಿಗುಟ್ಟುತ್ತ ತಾಯಿ ಅಲ್ಲೇ ಇತ್ತು.

ಅವರು ಹೇಳಿದ್ದೇ ಸರಿ. ಮನುಷ್ಯರ ವಾಸನೆ ತಾಗಿತೆಂದು ತಾಯಿ ಅಳಿಲು ಮರಿಯನ್ನು ಬಿಡುವುದಿಲ್ಲ. ಅದು ಹೆದರುವುದು ಮರದ ಬುಡದಲ್ಲಿ ನಿಂತ ನಮಗೆ. ಆದ್ದರಿಂದ ಮಾಡಬೇಕಾದ ಕೆಲಸ ಇಷ್ಟು. ಗಟ್ಟಿಯಾದ ಸಣ್ಣ ಬುಟ್ಟಿಯಲ್ಲಿ ಅದೇ ಗೂಡಿನ ನಾರನ್ನು ಹಾಸಿ ಮರಿಗಳನ್ನಿಟ್ಟು, ಅದೇ ಮರಕ್ಕೆ, ಆಗದಿದ್ದರೆ ತಾಯಿ ಓಡಾಡುವ ಪಕ್ಕದ ಮರಕ್ಕೆ, ಆಳೆತ್ತರಕ್ಕಿಂತ ಮೇಲೆ ಕಟ್ಟಬೇಕು. ಬಿಸಿಲು ನೇರ ಬೀಳಬಾರದು. ಬುಟ್ಟಿಯ ಬಾಯಿ ತೆರೆದಿರಬೇಕು, ಆದರೆ ಕಾಗೆಗೆ ಕಾಣದಂತೆ ಮೇಲೆ ಎರಡು ಸೋಗೆ ಅಡ್ಡ ಇಟ್ಟರೆ ಒಳ್ಳೆಯದು. ಕಟ್ಟುವ ಮುಂಚೆ ಕೊಂಬೆಯಲ್ಲಿ ಕೆಂಪಿರುವೆಯ ಸಾಲು ಇದೆಯೇ ನೋಡಿ. ನಮ್ಮ ಕಡೆಯ ಮಾವು, ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಮಾಡುವ ಆ ಇರುವೆಗಳಿಗೆ ಕಣ್ಣು ಬಿಡದ ಮರಿಯನ್ನು ಮುಗಿಸಲು ಹೆಚ್ಚು ಹೊತ್ತು ಬೇಡ. ಇರುವೆ ಇದ್ದರೆ ಆ ಮರ ಬೇಡ. ನಾಯಿ, ಬೆಕ್ಕನ್ನು ಒಳಗೆ ಹಾಕಿ ಮನೆಯವರೆಲ್ಲ ದೂರ ಸರಿದು ಕಿಟಕಿಯಿಂದ ನೋಡಬೇಕು. ತಾಯಿ ಬಂದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸುತ್ತದೆ. ಹಗಲು ಮೂರು ನಾಲ್ಕು ಗಂಟೆ ಕಾಯಬಹುದು, ಆದರೆ ಆ ಹೊತ್ತಿನಲ್ಲೂ ಮರಿ ತಣ್ಣಗಾಗದಂತೆ ಬುಟ್ಟಿಯ ತಳದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಸಣ್ಣ ಬಾಟಲಿ ಇರಲಿ. ಕತ್ತಲಾದ ಮೇಲೆ ಅಳಿಲು ತಿರುಗಾಡುವುದಿಲ್ಲ. ಮುಸ್ಸಂಜೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ಒಳಗೆ ತರಬೇಕು.

ಆ ಹಿತ್ತಿಲಲ್ಲಿ ತಾಯಿ ಹನ್ನೊಂದು ಗಂಟೆಯ ಒಳಗೆ ಎರಡು ಮರಿಯನ್ನು ಒಯ್ದಿತು. ಮೂರನೆಯದನ್ನು ಮೂಸಿ ನೋಡಿ ಬಿಟ್ಟು ಹೋಯಿತು. ಅದರ ಮೂಗಿನಲ್ಲಿ ರಕ್ತ ಒಣಗಿತ್ತು, ಹಿಂಗಾಲು ಒಂದು ಜೋತಾಡುತ್ತಿತ್ತು. ಗಾಯವಾದ ಮರಿಯ ವಿಷಯದಲ್ಲಿ ಹೀಗಾಗುವುದುಂಟು. ನಮ್ಮ ಕೆಲಸ ಶುರುವಾಗುವುದು ಇಂಥ ಮರಿಯಿಂದ.

ಮರಿಗೆ ಮೈಯಲ್ಲಿ ರಕ್ತ ಕಾಣುತ್ತಿದ್ದರೆ, ಬೆಕ್ಕಿನ ಬಾಯಿಂದ ಬಿಡಿಸಿದ್ದಾದರೆ, ಮೈ ತಣ್ಣಗಿದ್ದರೆ, ನೊಣ ಮೊಟ್ಟೆ ಇಟ್ಟಿದ್ದರೆ ತಾಯಿಗಾಗಿ ಕಾಯುತ್ತ ಕೂರಬಾರದು, ನೇರ ಒಳಗೆ ತನ್ನಿ.

ಕಾವು

ಇಲ್ಲಿಯ ಸೆಕೆಯಲ್ಲಿ ಮರಿಗೆ ಕಾವು ಬೇಕು ಎಂದರೆ ಯಾರೂ ನಂಬುವುದಿಲ್ಲ. ನಮಗೇ ಬೆವರು ಸುರಿಯುತ್ತಿದೆ, ಫ್ಯಾನು ಹಾಕಿದ್ದೇವೆ, ಅದಕ್ಕೆ ಬೇರೆ ಬಿಸಿ ಯಾಕೆ? ಯಾಕೆಂದರೆ ಗೂಡಿನಲ್ಲಿ ತಾಯಿಯ ಹೊಟ್ಟೆಗೂ ಒಡಹುಟ್ಟಿದವುಗಳಿಗೂ ಅಂಟಿಕೊಂಡಿದ್ದಾಗ ಮರಿಯ ಸುತ್ತ 35 ಡಿಗ್ರಿಯ ಆಸುಪಾಸು ಬಿಸಿ ಇರುತ್ತದೆ. ಕೂದಲಿಲ್ಲದ ಮರಿ ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದು. ಹೊರಗೆ 30 ಡಿಗ್ರಿ ಇದ್ದರೂ ಫ್ಯಾನಿನ ಗಾಳಿಗೆ, ರೆಡ್ ಆಕ್ಸೈಡ್ ನೆಲಕ್ಕೆ ಅದರ ಮೈ ಬೇಗ ಆರಿಹೋಗುತ್ತದೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಅಲ್ಲೇ ಹುಳಿಯುತ್ತದೆ, ಗಾಳಿ ತುಂಬುತ್ತದೆ, ಮರಿ ಹೊಟ್ಟೆಯುಬ್ಬರದಿಂದ ಸಾಯುತ್ತದೆ. ತಣ್ಣಗಿನ ಮರಿಗೆ ಹನಿ ಹಾಲೂ ಬೇಡ ಎನ್ನುವುದು ಇದಕ್ಕೇ.

ಮುಟ್ಟಿದಾಗ ನಮ್ಮ ಅಂಗೈಗಿಂತ ಮರಿ ತಣ್ಣಗಿದ್ದರೆ ಮೊದಲು ಅರ್ಧ ಗಂಟೆ ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಂಗಿಯ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಇನ್ನೊಬ್ಬರು ಪೆಟ್ಟಿಗೆ ಸಿದ್ಧ ಮಾಡಲಿ. ಚಪ್ಪಲಿಯ ರಟ್ಟಿನ ಪೆಟ್ಟಿಗೆ ಸಾಕು, ಮುಚ್ಚಳಕ್ಕೆ ಏಳೆಂಟು ತೂತು. ಒಳಗೆ ಹಾಸಲು ನಮ್ಮ ಬೈರಾಸು, ಅಂದರೆ ಹತ್ತಿಯ ತೆಳು ಟವೆಲು, ಬಹಳ ಒಳ್ಳೆಯದು. ಟರ್ಕಿ ಟವೆಲಿನ ಕುಣಿಕೆಗಳಿಗೆ ಮರಿಯ ಉಗುರು ಸಿಕ್ಕಿ ಬೆರಳು ಮುರಿಯುತ್ತದೆ, ಬೈರಾಸಿನಲ್ಲಿ ಆ ಭಯ ಇಲ್ಲ. ಆದರೆ ಅಂಚಿನ ಬಿಟ್ಟ ಎಳೆಗಳನ್ನು ಕತ್ತರಿಸಿ ತೆಗೆಯಿರಿ, ಎಳೆ ಕಾಲಿಗೆ ಸುತ್ತಿಕೊಂಡರೆ ಪಾದಕ್ಕೆ ರಕ್ತ ಹೋಗುವುದು ನಿಂತು ಕಾಲೇ ಕಪ್ಪಾಗುತ್ತದೆ. ಹಳೆ ಬನಿಯನ್ ಬಟ್ಟೆಯೂ ಆಗುತ್ತದೆ.

ಬಿಸಿಗೆ ಹೀಟಿಂಗ್ ಪ್ಯಾಡ್ ಇದ್ದರೆ ಅದನ್ನು ಅತಿ ಕಡಿಮೆಯಲ್ಲಿಟ್ಟು ಪೆಟ್ಟಿಗೆಯ ಹೊರಗೆ, ತಳದ ಅರ್ಧ ಭಾಗಕ್ಕೆ ಮಾತ್ರ ಕೊಡಿ. ಇಲ್ಲದಿದ್ದರೆ ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿಮಾಡಿ ದಪ್ಪ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದರೆ ಸುಮಾರು ಒಂದು ಗಂಟೆ ಕಾವು ನಿಲ್ಲುತ್ತದೆ. ಎರಡು ಚೀಲ ಮಾಡಿಕೊಂಡು ಸರದಿಯಲ್ಲಿ ಬದಲಿಸಬಹುದು. ಮಣಿಕಟ್ಟಿನ ಒಳಭಾಗಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನಮಗೆ ಹಿತವಾಗಿದ್ದರೆ ಮಾತ್ರ ಬಟ್ಟೆ ಸುತ್ತಿ ಮರಿಯ ಪಕ್ಕ ಇಡಬೇಕು. ಪೆಟ್ಟಿಗೆಯ ಅರ್ಧ ಬೆಚ್ಚಗೆ, ಅರ್ಧ ತಣ್ಣಗೆ ಇರುವುದು ಮುಖ್ಯ. ಬಿಸಿ ಜಾಸ್ತಿಯಾದರೆ ಮರಿ ತಾನೇ ತೆವಳಿ ಈಚೆ ಬರಲು ಜಾಗ ಬೇಕು. ಮೈ ಕೆಂಪಾಗಿ, ಕೈಕಾಲು ಚಾಚಿ ಬಿದ್ದಿದ್ದರೆ ಬಿಸಿ ಹೆಚ್ಚಾಗಿದೆ. ಸುರುಟಿಕೊಂಡು ಮಂಕಾಗಿದ್ದರೆ ಕಡಿಮೆಯಾಗಿದೆ. ಕೂದಲಿಲ್ಲದ ಮರಿಗೆ 32ರಿಂದ 35 ಡಿಗ್ರಿ, ಕೂದಲು ಬಂದು ಕಣ್ಣು ಬಿಡದ್ದಕ್ಕೆ 30ರ ಆಸುಪಾಸು, ಕಣ್ಣು ಬಿಟ್ಟದ್ದಕ್ಕೆ 27–28 ಇರಲಿ. ಬಲ್ಬು ಉರಿಸಿಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಚರ್ಮ ಒಣಗುತ್ತದೆ, ಬೆಳಕಿಗೆ ಮರಿ ನಿದ್ದೆ ಮಾಡುವುದಿಲ್ಲ, ಬಟ್ಟೆಗೆ ಬೆಂಕಿ ಹಿಡಿಯುವ ಅಪಾಯ ಬೇರೆ.

ಇನ್ನೊಂದು ಮಾತು, ಮನೆಯೊಳಗಿನ ಇರುವೆ. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಹಾಲಿನ ವಾಸನೆಗೆ ರಾತ್ರಿ ಇರುವೆ ಬಂದು ಮರಿಯ ಬಾಯಿ, ಮೂಗಿಗೆ ಮುತ್ತುವುದು ನಮ್ಮ ಊರಿನ ಮನೆಗಳಲ್ಲಿ ಅಪರೂಪವಲ್ಲ.

ನೀರು, ಆಮೇಲೆ ಹಾಲು

ಮೈ ಬೆಚ್ಚಗಾದ ಮೇಲೆ ಕುತ್ತಿಗೆಯ ಹಿಂದಿನ ಚರ್ಮವನ್ನು ಮೆಲ್ಲ ಎತ್ತಿ ಬಿಡಿ. ಕೂಡಲೇ ಕೂರದೆ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಬಿದ್ದು ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಮೆಡಿಕಲಿನಲ್ಲಿ ಸಿಗುವ ಡಬ್ಲ್ಯು.ಎಚ್.ಒ. ಸೂತ್ರದ ಒ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿಗೆ ಕರಗಿಸಿ, ಉಗುರುಬೆಚ್ಚಗೆ ಮಾಡಿ ಕೊಡಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯದ ಪ್ಯಾಕೆಟ್ಟು ಬೇಡ. ಪುಡಿ ಸಿಗದ ರಾತ್ರಿ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವ ಬೊಂಡದ ನೀರು (ಎಳನೀರು) ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು, ಸೋಡಿಯಮ್ ಬಹಳ ಕಡಿಮೆ. ಮೊದಲ ಎರಡು ಮೂರು ಸರದಿ, ಒಂದೂವರೆ ಎರಡು ಗಂಟೆಗೊಮ್ಮೆ, ಒ.ಆರ್.ಎಸ್. ಮಾತ್ರ.

ಎಷ್ಟು ಕೊಡಬೇಕೆಂಬುದಕ್ಕೆ ಅಂದಾಜು ಸಾಲದು, ತೂಕ ಬೇಕು. ಅರ್ಧ ಗ್ರಾಂ ವ್ಯತ್ಯಾಸ ತೋರಿಸುವ ಅಂಗೈಯಗಲದ ತೂಕದ ಯಂತ್ರ ಸಿಗುತ್ತದೆ. ಸಣ್ಣ ಬಟ್ಟಲನ್ನು ಇಟ್ಟು ಸೊನ್ನೆಗೆ ತಂದು, ಮರಿಯನ್ನು ಬಟ್ಟಲಲ್ಲಿ ಕೂರಿಸಿ ನೋಡಿ. ಒಂದು ಸರದಿಗೆ ಮೈತೂಕದ ನೂರಕ್ಕೆ 5 ಪಾಲು ಲೆಕ್ಕ. ಅಂದರೆ 12 ಗ್ರಾಂ ಮರಿಗೆ 0.6 ಮಿಲಿ, 20 ಗ್ರಾಂ ಮರಿಗೆ 1 ಮಿಲಿ, 40 ಗ್ರಾಂ ಮರಿಗೆ 2 ಮಿಲಿ. ನೋಡಿದರೆ ಏನೂ ಸಾಲದು ಅನಿಸುತ್ತದೆ, ಆದರೆ ಮರಿಯ ಹೊಟ್ಟೆ ಹಿಡಿಯುವುದೇ ಅಷ್ಟು. ಪ್ರತಿದಿನ ಬೆಳಿಗ್ಗೆ ಮೊದಲ ಸರದಿಗೆ ಮುಂಚೆ ತೂಗಿ ಬರೆದಿಡಿ. ಎರಡು ದಿನ ತೂಕ ನಿಂತರೆ ಅಥವಾ ಇಳಿದರೆ ಎಲ್ಲೋ ತಪ್ಪುತ್ತಿದೆ. ತೂಕ ಬರೆದ ಆ ಪುಸ್ತಕ ಹಿಡಿದುಕೊಂಡು ಹೋದರೆ ಪಶುವೈದ್ಯರಿಗೂ ಔಷಧದ ಪ್ರಮಾಣ ಲೆಕ್ಕ ಹಾಕಲು ಸುಲಭ.

ಈಗ ಹಾಲು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 3.5ರಿಂದ 4, ಹಾಲಿನ ಸಕ್ಕರೆ 4.7ರ ಹತ್ತಿರ. ಅಳಿಲಿನ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಇದಕ್ಕಿಂತ ಬಹಳ ಹೆಚ್ಚು, ಸಕ್ಕರೆ ಕಡಿಮೆ. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುತ್ತದೆ, ನೀರು ಬೆರೆಸಿದ್ದಾದರೆ ಹಸಿವೂ ಸೇರುತ್ತದೆ. ನಾಯಿಮರಿಗಳಿಗೆಂದು ಬರುವ ಹಾಲಿನ ಪುಡಿ ಇದಕ್ಕೆ ಹತ್ತಿರದ ಬದಲಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ದಿನ 1 ಪಾಲು ಪುಡಿಗೆ 4 ಪಾಲು ನೀರು, ಮರುದಿನ 3 ಪಾಲು, ಹೊಟ್ಟೆ ಸರಿ ಇದ್ದರೆ ಆಮೇಲೆ 2 ಪಾಲು. ಒಮ್ಮೆಲೇ ಗಟ್ಟಿ ಕೊಟ್ಟರೆ ಭೇದಿ ಖಂಡಿತ. ಕಲಸಿದ್ದನ್ನು ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು, ಬೇಕಾದಷ್ಟೇ ತೆಗೆದು ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಉಳಿದ ಹನಿಯನ್ನು ಚೆಲ್ಲಿ. ಪುಡಿ ಬರುವ ತನಕ ಒಂದೆರಡು ದಿನಕ್ಕೆ 3 ಪಾಲು ಆಡಿನ ಹಾಲು, 1 ಪಾಲು ಸಿಹಿ ಹಾಕದ ತಾಜಾ ಕ್ರೀಮ್, 1 ಪಾಲು ಹುಳಿಯದ ಗಟ್ಟಿ ಮೊಸರು ಬೆರೆಸಿ ಸೋಸಿ ಕೊಡಬಹುದು.

ಕೊಡುವ ಸಾಧನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಕೈ ತಪ್ಪುವುದು ಅಲ್ಲೇ. ಬತ್ತಿಯಿಂದ ಕುಡಿಸಿದರೆ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ, ಹತ್ತಿಯ ಎಳೆಯೂ ಹೊಟ್ಟೆಗೆ ಹೋಗುತ್ತದೆ. ಇಂಕ್ ಫಿಲ್ಲರಿನಿಂದ ಹನಿ ದೊಡ್ಡದಾಗಿ ಬೀಳುತ್ತದೆ. ಬೇಕಾದದ್ದು 1 ಮಿಲಿ ಸಿರಿಂಜು, ಸೂಜಿ ತೆಗೆಯಲು ಬರುವಂಥದ್ದು. ಕೆಲವು ಇನ್ಸುಲಿನ್ ಸಿರಿಂಜುಗಳಲ್ಲಿ ಸೂಜಿ ಕಳಚುವುದಿಲ್ಲ, ಅದನ್ನು ಕತ್ತರಿಸಿ ಬಳಸಬೇಡಿ, ತುದಿ ಹರಿತವಾಗಿ ಉಳಿಯುತ್ತದೆ. ನಾಲ್ಕಾರು ಸಲ ತೊಳೆದ ಮೇಲೆ ಸಿರಿಂಜಿನ ಒಳಗಿನ ರಬ್ಬರು ಅಂಟತೊಡಗುತ್ತದೆ. ಒತ್ತಿದರೆ ಮೊದಲು ಅಲುಗದೆ ಆಮೇಲೆ ಜಗ್ಗೆಂದು ಜಾರಿ ಒಂದೇ ಸಲ ಬಾಯಿ ತುಂಬ ಹಾಲು ಸುರಿಯುತ್ತದೆ. ಮರಿಯ ಶ್ವಾಸಕೋಶಕ್ಕೆ ಹಾಲು ಹೋಗುವುದು ಹೆಚ್ಚಾಗಿ ಹೀಗೆ. ಅಂಟುವ ಸಿರಿಂಜನ್ನು ಆ ಕ್ಷಣವೇ ಬಿಸಾಡಿ ಹೊಸದು ತೆಗೆಯಿರಿ, ಕೆಲವೇ ರೂಪಾಯಿಯ ವಸ್ತು.

ಮರಿಯನ್ನು ಬಟ್ಟೆಯಲ್ಲಿ ಸುತ್ತಿ, ಹೊಟ್ಟೆ ಕೆಳಗೆ ಮಾಡಿ, ತಲೆ ತುಸು ಮೇಲಿರುವಂತೆ ಅಂಗೈಯಲ್ಲಿ ಹಿಡಿಯಿರಿ. ನಮ್ಮ ಶಿಶುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಲೇಬಾರದು. ತುಟಿಯ ಬದಿಗೆ ಒಂದು ಹನಿ ತಾಗಿಸಿ, ಅದು ನೆಕ್ಕಿ ನುಂಗಿದ ಮೇಲೆ ಇನ್ನೊಂದು. ಮೂಗಿನಿಂದ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆಯನ್ನು ಕೆಳಮುಖ ಮಾಡಿ, ಹತ್ತಿಯಿಂದ ಮೂಗು ಒರೆಸಿ, ಉಸಿರು ಸರಿಯಾಗುವ ತನಕ ಕಾಯಿರಿ. ಆಮೇಲಿನ ದಿನಗಳಲ್ಲಿ ಉಸಿರಾಡುವಾಗ ಟಿಕ್ ಟಿಕ್ ಸದ್ದು ಕೇಳಿದರೆ, ಬಾಯಿ ತೆರೆದು ಉಸಿರಾಡಿದರೆ ನ್ಯುಮೋನಿಯಾ. ಮನೆಮದ್ದಿಗೆ ಅದು ಬಗ್ಗುವುದಿಲ್ಲ. ಕೂದಲಿಲ್ಲದ ಮರಿಗೆ ಎರಡು ಗಂಟೆಗೊಮ್ಮೆ, ಕೂದಲು ಬಂದದ್ದಕ್ಕೆ ಮೂರು ಗಂಟೆಗೊಮ್ಮೆ, ಕಣ್ಣು ಬಿಟ್ಟ ಮೇಲೆ ನಾಲ್ಕು ಗಂಟೆಗೊಮ್ಮೆ. ರಾತ್ರಿ ಸಣ್ಣದಕ್ಕೂ ನಾಲ್ಕು ಗಂಟೆಯ ಬಿಡುವು ಕೊಡಬಹುದು, ಮೈ ಬೆಚ್ಚಗಿದ್ದರೆ.

ಪ್ರತಿ ಸರದಿಯ ಮುಂಚೆಯೂ ಆಮೇಲೂ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಕೆಳಹೊಟ್ಟೆಯಿಂದ ಬಾಲದ ಬುಡದ ತನಕ ಹಗುರವಾಗಿ ಸವರಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಇದು. ಕಣ್ಣು ಬಿಡದ ಮರಿ ತಾನಾಗಿ ಮೂತ್ರ ಮಾಡಲಾರದು. ಹಾಲು ಸರಿ ಕೊಟ್ಟು ಇದೊಂದನ್ನು ಬಿಟ್ಟು ಮರಿ ಕಳೆದುಕೊಂಡವರಿದ್ದಾರೆ. ಮೂತ್ರ ತಿಳಿಯಾಗಿದ್ದರೆ ಒಳ್ಳೆಯದು, ಗಾಢ ಹಳದಿಯಾದರೆ ನೀರು ಸಾಲದು. ಮಲ ಮೆತ್ತಗೆ, ಸಾಸಿವೆ ಬಣ್ಣದಲ್ಲಿ ಇರಬೇಕು. ಹಸಿರಾದರೆ, ನೀರಾದರೆ ಹಾಲು ನಿಲ್ಲಿಸಿ ಎರಡು ಸರದಿ ಒ.ಆರ್.ಎಸ್. ಮಾತ್ರ ಕೊಡಿ. ಹೊಟ್ಟೆ ಬಿಗಿದು ಹೊಳೆಯುತ್ತಿದ್ದರೆ ಆಹಾರ ನಿಲ್ಲಿಸಿ ಬೆಚ್ಚಗಿನ ನೀರಿನಲ್ಲಿ ಹೊಟ್ಟೆಯ ಮಟ್ಟಕ್ಕೆ ಹಿಡಿದು ಐದು ನಿಮಿಷ ಮೃದುವಾಗಿ ಉಜ್ಜಿ, ಚೆನ್ನಾಗಿ ಒರೆಸಿ ಕಾವಿಗೆ ಇಡಿ.

ವೈದ್ಯರ ಮೇಜಿನ ಮೇಲೆ

ಹಿತ್ತಿಲಿನ ಆ ಮೂರನೇ ಮರಿಯನ್ನು ಮಧ್ಯಾಹ್ನ ಪಶುವೈದ್ಯರ ಬಳಿ ಒಯ್ದಾಗ ಅವರು ಕಾಲನ್ನು ಮೊದಲು ನೋಡಲಿಲ್ಲ. ಪೆಟ್ಟಿಗೆಯೊಳಗೆ ಕೈ ಇಟ್ಟು ಕಾವು ನೋಡಿದರು, ತೂಕ ಕೇಳಿದರು, ಮರಿಯನ್ನು ಮೇಜಿನ ಮೇಲೆ ಬಿಟ್ಟು ಮಗುಚಿದಾಗ ತಾನೇ ತಿರುಗುತ್ತದೆಯೇ ನೋಡಿದರು. ಆಮೇಲೆ ಸಲೈನಿನಲ್ಲಿ ಹತ್ತಿ ಅದ್ದಿ ಮೈಯ ಕೂದಲನ್ನೆಲ್ಲ ಒದ್ದೆ ಮಾಡತೊಡಗಿದರು. ಮನೆಯ ಹುಡುಗಿ, "ಡಾಕ್ಟ್ರೇ, ಮೂಗಲ್ಲಿ ಮಾತ್ರ ರಕ್ತ ಇತ್ತು" ಎಂದಳು. "ಇರ್ಲಿ ಮಗಾ, ಬೆಕ್ಕು ಮುಟ್ಟಿದೆಯಾ ಇಲ್ವಾ ಅಂತ ಇದು ಹೇಳ್ತದೆ" ಎಂದರು. ಕೂದಲು ಒದ್ದೆಯಾಗಿ ಮೈಗೆ ಅಂಟಿದಾಗ ಪಕ್ಕೆಯಲ್ಲಿ ಸೂಜಿಮೊನೆಯಷ್ಟು ಎರಡು ತೂತು ಕಂಡವು.

ಬೆಕ್ಕಿನ ಹಲ್ಲು ಸಪುರ, ಆಳಕ್ಕೆ ಇಳಿಯುತ್ತದೆ, ಹೊರಗೆ ರಕ್ತ ಬಾರದೆ ಬಾಯಿ ಮುಚ್ಚಿಕೊಳ್ಳುತ್ತದೆ. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೆ ಸೇರಿ ರಕ್ತಕ್ಕೆ ನಂಜಾಗಿ ಒಂದೆರಡು ದಿನದಲ್ಲಿ ಮರಿ ಸಾಯುತ್ತದೆ. ಬೆಕ್ಕು ಹಿಡಿದ ಮರಿಗೆ, ಗಾಯ ಕಾಣಲಿ ಬಿಡಲಿ, ಅದೇ ದಿನ ಆ್ಯಂಟಿಬಯಾಟಿಕ್ ಶುರುವಾಗಬೇಕು. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ಗ್ರಾಂ ಲೆಕ್ಕದಲ್ಲಿ ಹೇಳಬೇಕು. 20 ಗ್ರಾಂ ಪ್ರಾಣಿಗೆ ಮಾತ್ರೆಯ ಚೂರು ಅಂದಾಜಿನಲ್ಲಿ ಕೊಡುವುದೆಂದರೆ ವಿಷ ಕೊಟ್ಟಂತೆ. ಮಕ್ಕಳ ಜ್ವರದ ಸಿರಪ್ಪು, ನೋವಿನ ಮಾತ್ರೆ ಯಾವುದನ್ನೂ ಮನೆಯಲ್ಲಿ ಮುಟ್ಟಿಸಬೇಡಿ.

ವೈದ್ಯರು ಸಿಗುವ ತನಕ ನಾವು ಮಾಡಬಹುದಾದದ್ದು ಕಡಿಮೆಯೇ, ಆದರೆ ಅದು ಉಪಯೋಗಕ್ಕೆ ಬರುತ್ತದೆ. ಗಾಯವನ್ನು ಮೆಡಿಕಲಿನಲ್ಲಿ ಸಿಗುವ ನಾರ್ಮಲ್ ಸಲೈನಿನಿಂದ ತೊಳೆಯಿರಿ. ಪೊವಿಡೋನ್ ಅಯೋಡಿನ್ ಹಚ್ಚುವುದಾದರೆ ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತಂದು ಹಚ್ಚಿ. ಡೆಟ್ಟಾಲ್, ಸ್ಪಿರಿಟ್ ಬೇಡ. ಅರಸಿನ ಒತ್ತುವುದೂ ಬೇಡ. ಪುಡಿ ಗಾಯದೊಳಗೆ ಗಟ್ಟಿಯಾಗಿ ಕೂರುತ್ತದೆ, ವೈದ್ಯರಿಗೆ ಗಾಯವೇ ಕಾಣುವುದಿಲ್ಲ. ಕೂದಲಿನ ಬುಡದಲ್ಲಿ, ಕಿವಿಯಲ್ಲಿ, ಬಾಲದ ಕೆಳಗೆ ಬಿಳಿ ಅಕ್ಕಿನುಚ್ಚಿನಂಥದ್ದು ಅಂಟಿದ್ದರೆ ಅದು ನೊಣದ ಮೊಟ್ಟೆ. ಕೆಲವೇ ಗಂಟೆಗಳಲ್ಲಿ ಹುಳವಾಗುತ್ತದೆ. ಸಪುರ ಚಿಮಟದಿಂದ, ಹೇನಿನ ಬಾಚಣಿಗೆಯಿಂದ ಒಂದೂ ಬಿಡದೆ ತೆಗೆಯಿರಿ. ನಾಯಿಯ ಉಣ್ಣಿಪುಡಿ ಹಾಕಬೇಡಿ. ಮುರಿದ ಕಾಲಿಗೆ ಕಡ್ಡಿ ಕಟ್ಟಲು ಹೋಗಬೇಡಿ, ಕಟ್ಟು ಬಿಗಿಯಾಗಿ ಕಾಲು ಕೊಳೆಯುವುದೇ ಹೆಚ್ಚು. ಮಲಗುವ ಜಾಗವನ್ನು ಸಣ್ಣದು ಮಾಡಿ ಓಡಾಟ ತಡೆದರೆ ಎಳೆಯ ಮೂಳೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಬಾಲ ಹಿಡಿದು ಎತ್ತಬೇಡಿ, ಬಾಲದ ಚರ್ಮ ಕಳಚಿ ಬರುತ್ತದೆ. ತಲೆಗೆ ಏಟು ಬಿದ್ದಿದ್ದರೆ, ಅಂದರೆ ಮೂಗಿನಲ್ಲಿ ರಕ್ತ, ಒಂದೇ ಕಡೆಗೆ ಸುತ್ತುವುದು, ಮಗುಚಿದರೆ ತಿರುಗಲಾಗದಿರುವುದು ಕಂಡರೆ, ಕತ್ತಲೆ ಮತ್ತು ನಿಶ್ಶಬ್ದ ಬೇಕು, ಕಾವು ಹಿತಮಿತವಾಗಿರಲಿ, ಬಾಯಿಗೆ ಏನೂ ಬೇಡ. ನೀರನ್ನು ವೈದ್ಯರು ಚರ್ಮದ ಕೆಳಗೆ ಕೊಡುತ್ತಾರೆ.

ಎರಡೂ ಹಿಂಗಾಲು ಎಳೆಯುತ್ತ, ಬೆರಳು ಚಿವುಟಿದರೂ ಹಿಂದೆಗೆಯದಿದ್ದರೆ ಬೆನ್ನುಹುರಿಗೆ ಪೆಟ್ಟು. ಅಂಥದ್ದರಲ್ಲಿ ಹೆಚ್ಚಿನವು ಗುಣವಾಗುವುದಿಲ್ಲ. ನೋವಿಲ್ಲದೆ ಮುಗಿಸಲು ವೈದ್ಯರು ಸಲಹೆ ಕೊಟ್ಟರೆ ಒಪ್ಪಿಕೊಳ್ಳುವುದೂ ಆರೈಕೆಯ ಭಾಗವೇ ಎಂದು ನಾನು ನಂಬುತ್ತೇನೆ.

ಮರಿ ಕಚ್ಚಿದರೆ ಎಂಬ ಭಯ ಎಲ್ಲ ಮನೆಯಲ್ಲೂ ಇರುತ್ತದೆ. ಅಳಿಲಿನಂಥ ಸಣ್ಣ ಪ್ರಾಣಿಗಳಲ್ಲಿ ರೇಬೀಸ್ ಕಾಣಿಸುವುದು ಅತಿ ವಿರಳ. ಆದರೂ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ವೈದ್ಯರಿಗೆ ತೋರಿಸಿ. ಮಕ್ಕಳು ಮರಿಯನ್ನು ಮುಖಕ್ಕೆ ತಾಗಿಸುವುದು, ಅಡುಗೆಮನೆಯ ಪಾತ್ರೆಯನ್ನೇ ಬಳಸುವುದು ಬೇಡ.

ಕಣ್ಣು ಬಿಟ್ಟ ಮೇಲೆ

ಮೂರನೇ ವಾರ ಕಳೆದು ಕಣ್ಣು ಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲರಿಗೂ ಅದು ಮುದ್ದು, ಅಪಾಯವೂ ಬೇರೆ ರೂಪದಲ್ಲಿ ಬರುತ್ತದೆ. ಮನೆಗೆ ಬಂದವರೆಲ್ಲ ನೆಲಗಡಲೆ, ಗೋಡಂಬಿ, ಬಾಳೆಹಣ್ಣು, ಬಿಸ್ಕತ್ತು ಕೊಡುತ್ತಾರೆ, ಅದು ಎರಡು ಕೈಯಲ್ಲಿ ಹಿಡಿದು ತಿನ್ನುವುದು ನೋಡಲು ಚೆಂದ. ನೆಲಗಡಲೆಯಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣದ ಅಂಶ (ಕ್ಯಾಲ್ಸಿಯಂ) ಬಹಳ ಕಡಿಮೆ. ಬೆಳೆಯುವ ಮರಿಗೆ ಬೇಕಾದದ್ದು ಇದಕ್ಕೆ ತಿರುವುಮುರುವು, ರಂಜಕದ ಎರಡರಷ್ಟು ಸುಣ್ಣ. ಊಟದಲ್ಲಿ ಸಿಗದಿದ್ದರೆ ದೇಹ ಮೂಳೆಯಿಂದ ತೆಗೆದುಕೊಳ್ಳುತ್ತದೆ. ಕೆಲವು ವಾರದಲ್ಲಿ ಮರಿ ಜಿಗಿಯುವುದು ಬಿಡುತ್ತದೆ, ಹಿಂಗಾಲು ಎಳೆಯತೊಡಗುತ್ತದೆ, ಸಣ್ಣ ಜಿಗಿತಕ್ಕೇ ಮೂಳೆ ಮುರಿಯುತ್ತದೆ. ಬಿದ್ದ ಏಟು ಎಂದು ತಿಳಿದು ಎಣ್ಣೆ ತಿಕ್ಕುತ್ತಾರೆ. ಬೇಗ ಗುರುತಿಸಿ ವೈದ್ಯರ ಸಲಹೆಯಂತೆ ಕ್ಯಾಲ್ಸಿಯಂ ಕೊಟ್ಟರೆ ತಿರುಗಿ ಎದ್ದು ನಿಲ್ಲುತ್ತದೆ.

ಆದ್ದರಿಂದ ಎಂಟು ಹತ್ತು ವಾರದ ತನಕ ಹಾಲಿನ ಪುಡಿ ನಿಲ್ಲಿಸಬೇಡಿ, ಸರದಿ ಕಡಿಮೆ ಮಾಡುತ್ತ ಬನ್ನಿ. ಜತೆಗೆ ನುಗ್ಗೆಸೊಪ್ಪು, ಬೀನ್ಸ್, ಕ್ಯಾರೆಟ್, ಗೆಣಸು, ದಾಸವಾಳದ ಹೂವು ಮೊಗ್ಗು, ಒಂದು ಚೂರು ಪೇರಳೆ, ಎಳೆ ಬೊಂಡದ ಗಂಜಿ. ಬಸಳೆ, ಹರಿವೆ ನಮ್ಮ ಹಿತ್ತಿಲಲ್ಲಿ ಬೇಕಾದಷ್ಟು ಇದ್ದರೂ ದಿನಾ ಬೇಡ, ಅದರ ಆಕ್ಸಲೇಟು ಸುಣ್ಣವನ್ನು ಹಿಡಿದಿಡುತ್ತದೆ. ಸುಣ್ಣಕ್ಕೆ, ನಾಟಿಮದ್ದಿನ ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಮಾರುವ ಬಿಳಿ ತುಂಡು (ಕಟ್ಲ್‌ಫಿಶ್‌ನ ಒಳಚಿಪ್ಪು) ಮಲ್ಪೆ, ಪಣಂಬೂರು ಕಡಲ ಬದಿಯಲ್ಲೂ ಸಿಗುತ್ತದೆ. ಎರಡು ದಿನ ಸಿಹಿನೀರಿನಲ್ಲಿ ನೆನೆಸಿ, ಕುದಿಸಿ, ಒಣಗಿಸಿ ಗೂಡಿನಲ್ಲಿಟ್ಟರೆ ಅದನ್ನೇ ಕೆರೆದು ತಿನ್ನುತ್ತದೆ. ಸಿಪ್ಪೆ ಸಹಿತ ಮಾವು, ಪೇರಳೆಯ ಕಡ್ಡಿಗಳಿರಲಿ, ಹಲ್ಲು ಸವೆಯಬೇಕು. ಬೆಳಗಿನ ಎಳೆಬಿಸಿಲಿಗೆ ಹದಿನೈದು ಇಪ್ಪತ್ತು ನಿಮಿಷ ಗೂಡನ್ನು ಹೊರಗಿಡಿ, ಅರ್ಧ ನೆರಳಿರಲಿ. ಗಾಜಿನ ಕಿಟಕಿಯ ಹಿಂದಿನ ಬಿಸಿಲು ಮೂಳೆಗೆ ಉಪಯೋಗವಿಲ್ಲ. ಜೂನ್, ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಬಾರದಿದ್ದಾಗ ವಿಟಮಿನ್ ಡಿ3 ಇರುವ ಹಾಲಿನ ಪುಡಿಯೇ ಆಧಾರ. ಮಳೆಗಾಲದಲ್ಲಿ ಇನ್ನೊಂದು ತೊಂದರೆ, ಒಣಗದ ಬಟ್ಟೆ. ಹಸಿ ಬಟ್ಟೆಯಲ್ಲಿ ಮಲಗಿದ ಮರಿಗೆ ಹೊಟ್ಟೆಯ ಚರ್ಮ ಬೂಸ್ಟು ಹಿಡಿಯುತ್ತದೆ. ಇಸ್ತ್ರಿ ಹಾಕಿ ಒಣಗಿಸಿಯೇ ಹಾಸಬೇಕು.

ಬಿಡುವ ಜಾಗ

ಅಳಿಲು ಸಾಕುವ ಪ್ರಾಣಿಯಲ್ಲ, ವನ್ಯಜೀವಿ. ಸಿಕ್ಕಿದ ದಿನವೇ ಸಮೀಪದ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿಡುವುದು ಒಳ್ಳೆಯದು. ಮಂಗಳೂರಿನವರಿಗೆ ಪಿಲಿಕುಳದ ಜೈವಿಕ ಉದ್ಯಾನ ಹತ್ತಿರವಿದೆ, ಕೇಳಿ ನೋಡಬಹುದು. ಕಾರ್ಕಳ, ಹೆಬ್ರಿ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಸಿಕ್ಕ ಮರಿ ಕೆಂಪು ಕಂದು ಬಣ್ಣದ್ದಾಗಿ, ಗಾತ್ರದಲ್ಲಿ ದೊಡ್ಡದಾಗಿದ್ದರೆ ಅದು ಕಾಡಿನ ದೊಡ್ಡ ಅಳಿಲಾದ ಕೆಂದಳಿಲು. ಮನೆಯಲ್ಲಿ ಪ್ರಯತ್ನ ಮಾಡದೆ ನೇರ ಇಲಾಖೆಗೆ ಒಪ್ಪಿಸಿ.

ನಮ್ಮ ಜಿಲ್ಲೆಗಳಲ್ಲಿ ಅಳಿಲಿನ ಬಗ್ಗೆ ಇನ್ನೊಂದು ಅಭಿಪ್ರಾಯವೂ ಇದೆ, ಅದನ್ನು ಬದಿಗೆ ತಳ್ಳಲಾಗದು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಆರಂಭಿಸಿದ ಮೇಲೆ ಸುತ್ತಲಿನ ಅಡಿಕೆ ತೋಟದವರಿಗೆ ಕೊಕ್ಕೊ ಒಂದು ಭರವಸೆಯ ಉಪಬೆಳೆ. ಅಳಿಲು ಕೊಕ್ಕೊ ಕಾಯಿಯ ನಡುವೆ ತೂತು ಕೊರೆದು ಬೀಜದ ಸುತ್ತಲಿನ ಸಿಹಿ ಲೋಳೆಯನ್ನು ತಿನ್ನುತ್ತದೆ. ಬೆಳೆಗಾರರ ನಷ್ಟ ನಿಜವಾದದ್ದು, ಅವರ ಸಿಟ್ಟೂ ಅರ್ಥವಾಗುವಂಥದ್ದು. ಅದೇ ಮನೆಯ ಒಳಗೆ ಅಳಿಲಿನ ಮರಿಗೆ ರಾತ್ರಿ ಎರಡು ಗಂಟೆಗೆ ಎದ್ದು ಸಿರಿಂಜು ಹಿಡಿಯುವವರೂ ಇದ್ದಾರೆ. ಬಿಡುವಾಗ ಇದು ಲೆಕ್ಕಕ್ಕೆ ಬರಬೇಕು. ಇಲಿಗಾಗಿ ಬ್ರೊಮಾಡಿಯೊಲೋನ್ ಎಂಬ ವಿಷದ ಬಿಲ್ಲೆ ಕಟ್ಟಿದ ಕೊಕ್ಕೊ ತೋಟದಲ್ಲಿ ಬಿಟ್ಟರೆ ಸಾಕಿದ ಮರಿ ಅದನ್ನೇ ಮೊದಲು ತಿನ್ನುತ್ತದೆ. ಸಿಕ್ಕಿದ ಹಿತ್ತಿಲೇ ಸೂಕ್ತ, ಅಲ್ಲಿ ವಿಷ, ಬೋನು ಇಲ್ಲದಿದ್ದರೆ. ಇದ್ದರೆ ದೊಡ್ಡ ಮರಗಳಿರುವ, ಬೇರೆ ಅಳಿಲುಗಳು ಓಡಾಡುವ ಸಮೀಪದ ಇನ್ನೊಂದು ಜಾಗ.

ಹತ್ತು ಹನ್ನೆರಡು ವಾರದ ಹೊತ್ತಿಗೆ ಹಾಲು ಪೂರ್ತಿ ಬಿಟ್ಟು, ಸಿಪ್ಪೆಯಿರುವ ಕಾಯಿಯನ್ನು ತಾನೇ ಒಡೆದು, ನಮ್ಮ ಕೈಗೆ ಸಿಗದೆ ಓಡಿದರೆ ಮರಿ ತಯಾರಾಗಿದೆ. ಕೊನೆಯ ಎರಡು ಮೂರು ವಾರ ಮನೆಯವರಲ್ಲಿ ಒಬ್ಬರು ಮಾತ್ರ ಆಹಾರ ಇಡಬೇಕು, ಎತ್ತಿ ಆಡಿಸುವುದು ನಿಲ್ಲಬೇಕು. ಒಂಟಿ ಮರಿಗಿಂತ ಇಬ್ಬರನ್ನು ಒಟ್ಟಿಗೆ ಬೆಳೆಸಿದರೆ ಮನುಷ್ಯರ ಹಂಬಲ ಕಡಿಮೆ, ಆದ್ದರಿಂದ ಹತ್ತಿರ ಯಾರ ಬಳಿಯಾದರೂ ಅದೇ ಪ್ರಾಯದ ಮರಿ ಇದ್ದರೆ ಆರೋಗ್ಯ ನೋಡಿಕೊಂಡು ಸೇರಿಸುವುದು ಒಳ್ಳೆಯದು. ನಾಯಿ, ಬೆಕ್ಕಿನ ಪರಿಚಯ ಮಾಡಿಸುವ ವಿಡಿಯೋಗಳು ನನಗೆ ಸಂಕಟ ತರುತ್ತವೆ. ಬೆಕ್ಕಿಗೆ ಹೆದರದ ಅಳಿಲು ಹೊರಗೆ ಒಂದು ದಿನ ಉಳಿಯುವುದಿಲ್ಲ.

ಅರ್ಧ ಅಂಗುಲ ಕಣ್ಣಿನ ತಂತಿಬಲೆಯ, ನಾಲ್ಕಡಿ ಎತ್ತರದ ಗೂಡನ್ನು ಮರದ ಪಕ್ಕ ನೆಲದಿಂದ ಮೇಲೆ ಇಟ್ಟು ಎರಡು ವಾರ ಅಲ್ಲೇ ಇರಗೊಡಿ. ಬಲೆಯ ಕಣ್ಣು ದೊಡ್ಡದಾದರೆ ಕೇರೆ ಹಾವು ನುಗ್ಗುತ್ತದೆ. ಒಳಗೆ ನಾಲ್ಕು ಸೆಂಟಿಮೀಟರ್ ತೂತಿನ ಸಣ್ಣ ಮರದ ಪೆಟ್ಟಿಗೆ, ತೆಂಗಿನ ನಾರು ತುಂಬಿ. ಎರಡು ಮೂರು ದಿನ ಮಳೆಯಿಲ್ಲದ ಹೊತ್ತು ನೋಡಿ ಬೆಳಿಗ್ಗೆ ಬಾಗಿಲು ತೆರೆಯಿರಿ. ಆಟಿಯ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಬೇಡ, ಸೋಣ (ಆಗಸ್ಟ್–ಸೆಪ್ಟೆಂಬರ್) ಕಳೆದು ಮಳೆ ಬಿಡುವು ಕೊಟ್ಟ ಮೇಲೆ ಆಗಬಹುದು. ಮೊದಮೊದಲು ರಾತ್ರಿ ಪೆಟ್ಟಿಗೆಗೇ ಮರಳಿ ಬರುತ್ತದೆ, ಆಗ ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಬೆಳಕಾದ ಕೂಡಲೇ ತೆರೆಯಬೇಕು. ಆಹಾರವನ್ನು ಮೂರು ನಾಲ್ಕು ವಾರ ಅದೇ ಜಾಗದಲ್ಲಿಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬನ್ನಿ. ಕಾಲು ಸರಿಯಾಗಿ ಕೂಡದೆ ಮರದ ಕಾಂಡದಲ್ಲಿ ತಲೆಕೆಳಗಾಗಿ ಇಳಿಯಲಾರದ ಅಳಿಲನ್ನು ಬಿಡಬಾರದು. ಅಂಥದ್ದನ್ನು ಏನು ಮಾಡಬೇಕೆಂದು ವೈದ್ಯರೂ ಅರಣ್ಯ ಇಲಾಖೆಯವರೂ ಸೇರಿ ನಿರ್ಧರಿಸಲಿ. ಮರದ ಪೆಟ್ಟಿಗೆಯನ್ನು ಮಾತ್ರ ತೆಗೆಯಬೇಡಿ, ಬಿಸಿಲಲ್ಲಿ ಒಣಗಿಸಿ ಹಳೆ ನಾರು ಬದಲಿಸಿ ಮತ್ತೆ ಅಲ್ಲೇ ಕಟ್ಟಿಡಿ. ಮಡಲು ಇಳಿಸಿದ ಮರಗಳಲ್ಲಿ ಜಾಗ ಸಿಗದ ಬೇರೆ ಅಳಿಲುಗಳೂ ಅದನ್ನು ಬಳಸುತ್ತವೆ.